ಕೋಲಿಲ್ಲದ ಓಟ, ಗಡಿಯಾರದ ಲೆಕ್ಕ

ಸ್ಕೀಯಿಂಗ್ ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಹೊರಡುವಾಗ ನೂಕಲಿಕ್ಕೆ, ತಿರುಗುವಾಗ ತೂಕ ಕಾಯಲಿಕ್ಕೆ ಕೈಯಲ್ಲಿ ಎರಡು ಕೋಲು. ಜರ್ಮನಿಯ ಗೆರ್ಡ್ ಶೋನ್‌ಫೆಲ್ಡರ್ ಆ ಕೋಲುಗಳಿಲ್ಲದೆಯೇ ಇಳಿದವನು. 1989ರಲ್ಲಿ, 19ರ ಹುಡುಗ, ಹೊರಟ ರೈಲು ಹತ್ತಲು ಹೋಗಿ ಬಲಗೈಯನ್ನೂ ಎಡಗೈಯ ಬೆರಳುಗಳನ್ನೂ ಕಳಕೊಂಡ. ಆದರೂ 1992ರಿಂದ 2010ರವರೆಗೆ ಆರು ಪ್ಯಾರಾಲಿಂಪಿಕ್ಸ್‌ಗಳಲ್ಲಿ 22 ಪದಕ ಗೆದ್ದ. ಅದರಲ್ಲಿ 16 ಚಿನ್ನ.

ಕನಿಕರದ ಪದಕ ಇರಬಹುದು ಅಂತೀರಾ? ಲೆಕ್ಕ ಕೇಳಿ. ಕೈಯಿಲ್ಲದವನೂ ಕಾಲಿಲ್ಲದವನೂ ಒಟ್ಟಿಗೆ ಸ್ಪರ್ಧಿಸಿದರೆ ನ್ಯಾಯ ಹೇಗೆ? ಹಿಂದಿನ ಸ್ಪರ್ಧೆಗಳ ಫಲಿತಾಂಶ ನೋಡಿ ಪ್ರತಿಯೊಂದು ವರ್ಗಕ್ಕೂ ಒಂದು ಗುಣಕ ನಿಗದಿ ಮಾಡ್ತಾರೆ. ಗುಣಕ 0.9 ಅಂತಿಟ್ಟುಕೊಳ್ಳಿ: 100 ಸೆಕೆಂಡಿನಲ್ಲಿ ಇಳಿದರೆ ದಾಖಲೆಯಲ್ಲಿ 90. ತೊಡಕು ಹೆಚ್ಚಿದಷ್ಟೂ ಗುಣಕ ಕಡಿಮೆ.

2006ರ ಟೂರಿನ್ ಕೂಟದಿಂದ ನಿಂತು ಜಾರುವವರು, ಕೂತು ಜಾರುವವರು, ದೃಷ್ಟಿದೋಷ ಇರುವವರು ಎಂದು ಮೂರೇ ಗುಂಪು. ಪದಕ ಕಡಿಮೆಯಾಯ್ತು, ಪೈಪೋಟಿ ಬಿಗಿಯಾಯ್ತು. 2010ರಲ್ಲಿ ವ್ಯಾಂಕೂವರಿನಲ್ಲಿ, 39ರ ವಯಸ್ಸಿಗೆ, ಈ ಬಿಗಿ ಲೆಕ್ಕದಲ್ಲೇ ಆತ 4 ಚಿನ್ನ ಗೆದ್ದ. ಇನ್ನು ಯಾರಾದರೂ ಕನಿಕರದ ಮಾತೆತ್ತಿದರೆ ಈ ಗುಣಾಕಾರ ಬರೆದು ತೋರಿಸಿ.