ಬಡಿದ ರೊಟ್ಟಿಯ ಲೆಕ್ಕ

ಕಲಬುರ್ಗಿ, ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ ಕಡೆಯ ಬಡಾವಣೆಗಳಲ್ಲಿ ‘ಇಲ್ಲಿ ಖಡಕ್ ರೊಟ್ಟಿ ಸಿಗುತ್ತವೆ’ ಎಂಬ ಬೋರ್ಡಿಗೆ ಬರವಿಲ್ಲ. ಎಷ್ಟೋ ಮನೆಗಳಿಗೆ ಬೋರ್ಡೂ ಬೇಕಿಲ್ಲ. ಒಳಗಿನ ಪಟಪಟ ಸಪ್ಪಳ ಕೇಳಿಯೇ ಗಿರಾಕಿ ಬಾಗಿಲಿಗೆ ಬರುತ್ತಾನೆ. ಪಡಸಾಲೆಯಲ್ಲಿ ನಾಲ್ಕಾರು ಹೆಣ್ಣುಮಕ್ಕಳು, ಸಾಲಾಗಿ ಗ್ಯಾಸ್ ಒಲೆ, ಮೂಲೆಯಲ್ಲಿ ಆಳೆತ್ತರದ ರೊಟ್ಟಿ ಅಟ್ಟಿ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ದೊಡ್ಡ ಬಂಡವಾಳವಿಲ್ಲದೆ ಹಾಕಿಕೊಳ್ಳಬಹುದಾದ ದಂಧೆಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ.

ಇದು ದಂಧೆಯಾದದ್ದಕ್ಕೆ ಕಾರಣ ಸರಳ. ತಿನ್ನುವವರು ಉಳಿದರು, ಬಡಿಯುವವರು ಕಡಿಮೆಯಾದರು. ನೌಕರಿಗೆ ಹೋಗುವ ಮನೆಗಳಲ್ಲಿ ದಿನಾ ಬೆಳಿಗ್ಗೆ ಹಿಟ್ಟು ನಾದಿ ಬಡಿಯುವ ಪುರಸೊತ್ತಿಲ್ಲ. ಬೆಂಗಳೂರಿಗೆ ಹೋದ ಮಕ್ಕಳಿಗೆ ಬಡಿಯುವ ರೂಢಿಯೇ ತಪ್ಪಿದೆ, ನಾಲಿಗೆ ಮಾತ್ರ ಬದಲಾಗಿಲ್ಲ. ಜೊತೆಗೆ ಖಡಕ್ ರೊಟ್ಟಿಗೆ ಚಪಾತಿಗಿಲ್ಲದ ಒಂದು ಗುಣವಿದೆ: ಅದು ಕೆಡುವುದಿಲ್ಲ. ತೆಳುವಾಗಿ ಬಡಿದು, ಬೇಯಿಸಿ, ನೀರಿನ ಪಸೆ ಪೂರ್ತಿ ಆರುವವರೆಗೆ ಒಣಗಿಸಿಟ್ಟರೆ ವಾರಗಟ್ಟಲೆ, ಥಂಡಿ ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಮೊದಲೇ ಬಂದು ಸೇರುವುದು ಇದೇ ಗುಣದ ಬಲದಿಂದ. ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕುವ ಇಂದಿನ ರೊಟ್ಟಿ ಕೇಂದ್ರ ಆ ಹಳೆಯ ಜಾಣತನಕ್ಕೆ ಬೆಲೆಚೀಟಿ ಅಂಟಿಸಿದೆ, ಅಷ್ಟೇ.

ಕಸುಬು ಮಾತ್ರ ಅಷ್ಟು ಸುಲಭದ್ದಲ್ಲ. ಗೋಧಿಯ ಅಂಟು ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಬಿರಿಯುತ್ತದೆ. ಅದಕ್ಕೇ ಕುದಿಯುವ ಎಸರು ಹಾಕುವುದು. ಆ ಕಾವಿಗೆ ಪಿಷ್ಟ ಬೆಂದು ಜಿಗಿ ಬರುತ್ತದೆ. ಆಮೇಲೆ ಪರಾತದಲ್ಲಿ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಬೇಕು, ಉಂಡಿ ಮಾಡಿ, ಒಣಹಿಟ್ಟು ಉದುರಿಸಿ, ತಿರುಗಿಸುತ್ತಾ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರುವುದನ್ನು ಮರೆತರೆ ರೊಟ್ಟಿ ಸೀಳುತ್ತದೆ. ಹಿಟ್ಟು ಹಳೆಯದಾದರೆ ಯಾವ ಎಸರೂ ಜಿಗಿ ತರಲಾರದು. ಹೀಗಾಗಿ ಕೇಂದ್ರ ನಡೆಸುವವರು ತಿಂಗಳ ಹಿಟ್ಟು ಕೂಡಿಡುವುದಿಲ್ಲ, ಜೋಳ ಕೂಡಿಟ್ಟು ಬೇಕಾದಷ್ಟೇ ಗಿರಣಿಗೆ ಕಳಿಸುತ್ತಾರೆ.

ಜೋಳವೂ ಹಿಂಗಾರಿಯದೇ ಆಗಬೇಕು. ಮುಂಗಾರಿ ಜೋಳ ಮಳೆಗೆ ಸಿಕ್ಕು ಕಪ್ಪಾಗುವ ಭಯವಿದೆ. ಎರೆಹೊಲದಲ್ಲಿ ಚಳಿಗಾಲದ ಒಣ ಹವೆಗೆ ಮಾಗುವ ಮಾಲದಂಡಿಯ ಕಾಳು ಮುತ್ತಿನಂತೆ ಬೆಳ್ಳಗಿರುತ್ತದೆ. ಎಂ 35–1 ಎಂಬ ಹೆಸರಿನ ಈ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ ಆರಿಸಿ ತೆಗೆದದ್ದು. ಎಷ್ಟು ಹೊಸ ತಳಿ ಬಂದರೂ ರೊಟ್ಟಿಯ ಮಟ್ಟಿಗೆ ನಮ್ಮ ಜನ ಇನ್ನೂ ಅದನ್ನು ಬಿಟ್ಟುಕೊಟ್ಟಿಲ್ಲ.

ಈಗ ಲೆಕ್ಕಕ್ಕೆ ಬರೋಣ. 2025–26ಕ್ಕೆ ಮಾಲದಂಡಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಕಿರಾಣಿ ಅಂಗಡಿಯಲ್ಲಿ ಹಸನಾದ ಜೋಳ ಆ ಬೆಲೆಗೆ ಸಿಗುವುದಿಲ್ಲ. ಬೀಸಿದ ಕೂಲಿ ಸೇರಿ ಕಿಲೋಗೆ 55 ರೂಪಾಯಿ ಎಂದು ಹಿಡಿಯೋಣ. ಕಿಲೋ ಹಿಟ್ಟಿಗೆ ಹದಿನೈದರ ಆಜುಬಾಜು ರೊಟ್ಟಿ. ಒಂದನ್ನು 8 ರೂಪಾಯಿಗೆ ಮಾರಿದರೆ 120. ಅರ್ಧಕ್ಕಿಂತ ಹೆಚ್ಚು ಲಾಭ! ಹೊಸದಾಗಿ ಶುರು ಮಾಡುವವರು ಮುಗ್ಗರಿಸುವುದು ಇಲ್ಲಿಯೇ. ಗ್ಯಾಸ್, ಪ್ಯಾಕಿಂಗ್, ಪಾರ್ಸಲ್‌ನಲ್ಲಿ ಮುರಿದು ಹೋದದ್ದು, ಖಾನಾವಳಿಯವರ ಮೂರು ತಿಂಗಳ ಉದ್ರಿ, ಇವನ್ನು ಕಷ್ಟಪಟ್ಟಾದರೂ ಬರೆದಿಡುತ್ತಾರೆ. ಬರೆಯದೆ ಬಿಡುವುದು ತಮ್ಮದೇ ಕೂಲಿಯನ್ನು. ತಲೆಮಾರುಗಳಿಂದ ಅಡುಗೆಮನೆಯಲ್ಲಿ ಪುಕ್ಕಟೆ ನಡೆದ ಕೆಲಸಕ್ಕೆ ದರ ಹಾಕಲು ಮನಸ್ಸು ಹಿಂಜರಿಯುತ್ತದೆ. ಮನೆಯವರ ದುಡಿಮೆ ಲೆಕ್ಕಕ್ಕೆ ಸೇರದಿರುವವರೆಗೆ ದಂಧೆ ಚೆನ್ನಾಗಿಯೇ ಕಾಣುತ್ತದೆ. ಆರ್ಡರ್ ಹೆಚ್ಚಿ ಹೊರಗಿನವರನ್ನು ಕರೆದು ರೊಟ್ಟಿಗಿಷ್ಟು ಎಂದು ಕೂಲಿ ಕೊಡಬೇಕಾದ ದಿನವೇ ಹಾಕಿದ ಬೆಲೆ ಸಾಲದೆಂದು ಗೊತ್ತಾಗುವುದು. ಇಷ್ಟರಲ್ಲಿ ಎದುರು ಬೀದಿಯಲ್ಲಿ ಇನ್ನೊಬ್ಬಾಕೆ, ತನ್ನ ಕೂಲಿ ಹಿಡಿಯದೆ, ಒಂದು ರೂಪಾಯಿ ಕಡಿಮೆಗೆ ಮಾರಲು ಕೂತಿರುತ್ತಾಳೆ.

ಸರ್ಕಾರದ ನೆರವು ಇಲ್ಲವೆಂದಲ್ಲ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಬ್ಯಾಂಕ್ ಸಾಲ ಪಡೆದು ಹಾಕುವ ಘಟಕದ ವೆಚ್ಚಕ್ಕೆ ಶೇ 35ರ ಸಬ್ಸಿಡಿ ಉಂಟು, ರಾಜ್ಯವೂ ಶೇ 15 ಸೇರಿಸುತ್ತದೆ. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನವೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರೊಟ್ಟಿ, ಚಪಾತಿಗಳ ಮೇಲಿದ್ದ ಶೇ 5ರ ಜಿಎಸ್‌ಟಿಯೂ ಹೋಯಿತು. ‘ಕಲಬುರ್ಗಿ ರೊಟ್ಟಿ’ ಎಂಬ ಹೆಸರಿನಡಿ ಮಹಿಳಾ ಸಂಘಗಳನ್ನು ಒಟ್ಟುಗೂಡಿಸಿದ ಪ್ರಯತ್ನ ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಒಂದೇ ಹೆಸರಿನಲ್ಲಿ ಮಾರಿದರೆ ಎದುರು ಬೀದಿಯಾಕೆಯೊಂದಿಗೆ ಒಂದು ರೂಪಾಯಿಗೆ ಕಾದಾಡುವುದು ತಪ್ಪುತ್ತದೆ.

ಯಂತ್ರದ ಪ್ರಶ್ನೆಯೂ ಇದೆ. ನಾದುವ ಯಂತ್ರಕ್ಕೆ ಯಾರ ತಕರಾರೂ ಇಲ್ಲ, ರಟ್ಟೆ ಉಳಿಯುತ್ತದೆ. ಒತ್ತುವ ಯಂತ್ರದ ಬಗ್ಗೆ ಮಾತ್ರ ಎರಡು ಮಾತು. ‘ಕೈಲೆ ಬಡದದ್ದ ಕೊಡ್ರಿ ಅಕ್ಕಾರ’ ಎಂದು ಕೇಳಿ ಒಯ್ಯುವ ಗಿರಾಕಿಗಳಿದ್ದಾರೆ. ಮದುವೆಗೆ ಐದು ಸಾವಿರ ಒಂದೇ ಸಲ ಬೇಕೆನ್ನುವವರು ಅಂಚು ನುಣ್ಣಗಿದೆಯೋ ಒರಟೋ ನೋಡುವುದಿಲ್ಲ. ಎರಡನ್ನೂ ಇಟ್ಟುಕೊಂಡು ಕೈರೊಟ್ಟಿಗೆ ಬೇರೆ ದರ ಹಾಕುವುದೇ ನ್ಯಾಯ. ಗಿರಾಕಿಗೂ ಅದು ಒಪ್ಪಿತವೇ.

ಮಳೆಗಾಲದಲ್ಲಿ ಥಂಡಿಗೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಪ್ಯಾಕಿಂಗ್ ಖರ್ಚು ಏರುತ್ತದೆ. ಅದಕ್ಕಿಂತ ಬಿಗಿ ಸಮಯ ಹಿಂಗಾರಿ ಸುಗ್ಗಿಯದು. ಜೋಳದ ರಾಶಿಗೆ ಹೊಲದಲ್ಲಿ ಆಳು ಬೇಕು, ಕೂಲಿ ಏರುತ್ತದೆ, ರೊಟ್ಟಿ ಬಡಿಯುವವರು ಅತ್ತ ನಡೆಯುತ್ತಾರೆ. ಆಗ ಅವರ ಕೈಗೆ ಹೊಲದ ದರ ಕೊಡುವ ಕೇಂದ್ರದಲ್ಲಿ ಒಲೆ ಉರಿಯುತ್ತದೆ. ಕೊಡದವರು ಗಿರಾಕಿಗೆ ಫೋನು ಹಚ್ಚಿ ‘ಎಂಟು ದಿನ ತಡಾ ಆಗ್ತದರಿ’ ಅನ್ನುತ್ತಾರೆ.