ಬ್ರೂಮ್‌ಹಿಲ್: ಜೈಲು ಕಂಡ ಕವಿ, ಬಾಂಬು ಬಿದ್ದ ಚರ್ಚು

ಶೆಫೀಲ್ಡ್ ನಗರದ ಮಧ್ಯಭಾಗದಿಂದ ಪಶ್ಚಿಮಕ್ಕೆ, ರಾಯಲ್ ಹ್ಯಾಲಮ್‌ಶೈರ್ ಆಸ್ಪತ್ರೆ ದಾಟಿ ಗ್ಲಾಸಪ್ ರಸ್ತೆಯ ಏರು ಹತ್ತಿದರೆ ಬ್ರೂಮ್‌ಹಿಲ್. ಉಕ್ಕಿನ ಕಾರ್ಖಾನೆಗಳ ಹೊಗೆ ಪೂರ್ವದ ಕಣಿವೆಯ ಪಾಲಾಯಿತು. ಉಕ್ಕಿನಲ್ಲಿ ದುಡ್ಡು ಮಾಡಿದವರ ಕಲ್ಲಿನ ಮನೆಗಳು ಈ ದಿಬ್ಬದ ಪಾಲಾದವು. ಕವಿ ಜಾನ್ ಬೆಟ್ಜೆಮನ್ ಈ ಬಡಾವಣೆಯ ಚೆಲುವಿಗೆ ಮಾರುಹೋಗಿ ಕವಿತೆಯನ್ನೇ ಬರೆದರು. ಈಗ ಇಲ್ಲಿ ಎಲ್ಲಿ ನೋಡಿದರೂ ವಿದ್ಯಾರ್ಥಿಗಳ ಓಡಾಟ, ಕಾಫಿ ಅಂಗಡಿ. ಇಷ್ಟು ಸುಖವಾಗಿ ಕಾಣುವ ಊರಿನಲ್ಲಿ ಕ್ರಿಸ್ತನ ಶ್ರಮೆಯ ಗುರುತು ಹುಡುಕುವುದು ವಿಚಿತ್ರವೇ. ಆದರೆ ಗುರುತುಗಳಿವೆ.

ಮೊದಲನೆಯದು ಗ್ಲಾಸಪ್ ರಸ್ತೆಯ ಮೇಲೇ ಇದೆ. ‘ದಿ ಮೌಂಟ್’ ಎಂಬ ಕಂಬಸಾಲಿನ ಮನೆಗಳ ಸಾಲಿನಲ್ಲಿ 1830ರ ದಶಕದಿಂದ 1854ರಲ್ಲಿ ಸಾಯುವವರೆಗೆ ಕವಿ ಜೇಮ್ಸ್ ಮಾಂಟ್ಗೊಮರಿ ವಾಸವಿದ್ದರು. ತಂದೆ ತಾಯಿ ಮೊರಾವಿಯನ್ ಸಭೆಯ ಮಿಷನರಿಗಳು. ಮಗನನ್ನು ಲೀಡ್ಸ್ ಬಳಿಯ ಫುಲ್ನೆಕ್ ಶಾಲೆಯಲ್ಲಿ ಬಿಟ್ಟು ವೆಸ್ಟ್ ಇಂಡೀಸ್‌ಗೆ ಹೋದವರು ತಿರುಗಿ ಬರಲಿಲ್ಲ. ಇಬ್ಬರೂ ಅಲ್ಲೇ ತೀರಿಕೊಂಡರು. ಯೇಸುವಿನ ಗಾಯಗಳ ಧ್ಯಾನ ಮೊರಾವಿಯನ್ನರ ಭಕ್ತಿಯ ಜೀವಾಳ. ಹುಡುಗ ಬೆಳೆದದ್ದು ಆ ಗಾಳಿಯಲ್ಲಿ.

ಮುಂದೆ ಆತ ಶೆಫೀಲ್ಡ್‌ನಲ್ಲಿ ‘ಐರಿಸ್’ ಪತ್ರಿಕೆಯ ಸಂಪಾದಕನಾದ. ಬಾಸ್ಟಿಲ್ ಕೋಟೆಯ ಪತನವನ್ನು ಕೊಂಡಾಡುವ ಹಾಡು ಅಚ್ಚು ಹಾಕಿದ್ದಕ್ಕೆ 1795ರಲ್ಲಿ ಜೈಲು. ಜನರ ಮೇಲೆ ಸೈನಿಕರು ಗುಂಡು ಹಾರಿಸಿದ ಸುದ್ದಿ ಬರೆದದ್ದಕ್ಕೆ 1796ರಲ್ಲಿ ಮತ್ತೆ ಜೈಲು. ಎರಡು ಸಲವೂ ಯಾರ್ಕ್ ಕೋಟೆಯೇ. ಗುಲಾಮರ ಪರವಾಗಿ, ಚಿಮಣಿ ಗುಡಿಸುವ ಪುಟ್ಟ ಹುಡುಗರ ಪರವಾಗಿ ಕೂಡ ಬರೆದ ಲೇಖನಿ ಅದು. ಗೆತ್ಸೆಮನೆ ತೋಟಕ್ಕೆ ಹೋಗು ಎಂದು ಶುರುವಾಗುವ ಅವರ ಸ್ತೋತ್ರಗೀತೆ 1820ರಲ್ಲಿ ಅಚ್ಚಾಯಿತು, 1825ರಲ್ಲಿ ತಿದ್ದುಪಡಿಯಾಗಿ ಮತ್ತೆ ಬಂತು. ತೋಟದಿಂದ ವಿಚಾರಣೆಯ ಅಂಗಳಕ್ಕೆ, ಅಲ್ಲಿಂದ ಕಲ್ವಾರಿಗೆ, ಕೊನೆಗೆ ಬರಿದಾದ ಸಮಾಧಿಗೆ ಕೈಹಿಡಿದು ಕರೆದೊಯ್ಯುವ ಗೀತೆ. ಯೇಸು ಏಕೆ ಸಾಯಬೇಕಾಯಿತು ಎಂಬ ವಾದಕ್ಕೆ ಅದು ಇಳಿಯುವುದಿಲ್ಲ. ಹೋಗಿ ನೋಡು, ಕಲಿ ಎನ್ನುತ್ತದೆ. ಅಂಗಳದ ಭಾಗ ಓದುವಾಗ ನನಗೆ ಯಾರ್ಕ್ ಕೋಟೆ ನೆನಪಾಗದೆ ಇರುವುದಿಲ್ಲ. ನ್ಯಾಯಾಧೀಶನ ಮುಂದೆ ನಿಂತವನು ಬರೆದ ಸಾಲುಗಳಲ್ಲವೇ!

ಶುಭ ಶುಕ್ರವಾರ ಶಿಲುಬೆಯ ಏಳು ಮಾತುಗಳ ಧ್ಯಾನಕ್ಕೆ ಕೂರುವ ನಮ್ಮ ಕಡೆಯ ಸಭೆಯವರಿಗೆ ಈ ದಾರಿ ಹೊಸದಲ್ಲ. ಸಭೆಯ ಹೊರಗಿನ ಕನ್ನಡಿಗರಿಗೂ ಅಲ್ಲ: ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನವನ್ನು ಕುರಿತ ಖಂಡಕಾವ್ಯ. ಪೈಗಳು ಕಾವ್ಯರಸಿಕರಿಗೆ ಬರೆದರು, ಮಾಂಟ್ಗೊಮರಿ ನಿಂತು ಹಾಡುವ ಸಭೆಗೆ.

ದಿ ಮೌಂಟ್‌ನಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಬ್ರೂಮ್‌ಫೀಲ್ಡ್ ರಸ್ತೆಯಲ್ಲಿ ಎರಡನೆಯ ಗುರುತು: ಸೇಂಟ್ ಮಾರ್ಕ್ಸ್ ಚರ್ಚು. ಡಬ್ಲ್ಯೂ. ಎಚ್. ಕ್ರಾಸ್‌ಲ್ಯಾಂಡ್ ವಿನ್ಯಾಸದಲ್ಲಿ 1871ರಲ್ಲಿ ಮುಗಿದಿದ್ದ ಕಟ್ಟಡ 1940ರ ಡಿಸೆಂಬರ್ 12ರ ರಾತ್ರಿ ಜರ್ಮನ್ ವಿಮಾನಗಳ ಬೆಂಕಿಬಾಂಬಿಗೆ ಸುಟ್ಟುಹೋಯಿತು. ಶಿಖರ ಮತ್ತು ಮುಂಬಾಗಿಲ ಮಂಟಪ ಉಳಿದವು. ಆ ವಾರದ ಎರಡು ದಾಳಿಗಳಲ್ಲಿ ನಗರದಲ್ಲಿ 660ಕ್ಕೂ ಹೆಚ್ಚು ಜನ ಸತ್ತರು. ಚರ್ಚನ್ನು ಮತ್ತೆ ಕಟ್ಟಿದ ವಾಸ್ತುಶಿಲ್ಪಿ ಜಾರ್ಜ್ ಪೇಸ್ ಹಳೆಯದರ ನಕಲು ಮಾಡಲಿಲ್ಲ. 1963ರ ಹೊತ್ತಿಗೆ ಸಿದ್ಧವಾದ ಅವರ ಹೊಸ ಚರ್ಚಿಗೆ ಆರು ಮೂಲೆ. ಹಳೆಯ ಶಿಖರ ಪಕ್ಕದಲ್ಲಿ ಹಾಗೇ ನಿಂತಿದೆ. ಪಶ್ಚಿಮದ ಬಣ್ಣದ ಗಾಜಿನ ಕಿಟಕಿ ಜಾನ್ ಪೈಪರ್ ಮತ್ತು ಪ್ಯಾಟ್ರಿಕ್ ರೇಂಟಿಯನ್ಸ್ ಅವರದು. ಬಾಂಬಿಗೆ ಸಿಕ್ಕಿ ಮರುಹುಟ್ಟು ಪಡೆದ ಕಾವೆಂಟ್ರಿ ಕ್ಯಾಥೆಡ್ರಲ್‌ನ ದೊಡ್ಡ ಕಿಟಕಿಯೂ ಇದೇ ಜೋಡಿಯ ಕೆಲಸ.

ಬಾಂಬು ಬೀಳುವಾಗ ದೇವರು ಎಲ್ಲಿದ್ದ? ಈ ಪ್ರಶ್ನೆಯನ್ನು ಎದುರು ಪಾಳೆಯದ ಹುಡುಗನೊಬ್ಬ ಕೇಳಿಕೊಂಡ. 1943ರಲ್ಲಿ ಬ್ರಿಟಿಷ್ ಬಾಂಬುಗಳು ಹ್ಯಾಂಬರ್ಗ್ ಸುಟ್ಟಾಗ ಪಕ್ಕದಲ್ಲೇ ಇದ್ದ ಗೆಳೆಯನನ್ನು ಕಳೆದುಕೊಂಡ ಯುರ್ಗೆನ್ ಮೊಲ್ಟ್‌ಮನ್, ಯುದ್ಧಕೈದಿಯಾಗಿ ಶೆಫೀಲ್ಡ್‌ಗೆ ಅಷ್ಟೇನೂ ದೂರವಲ್ಲದ ನಾಟಿಂಗ್‌ಹ್ಯಾಮ್‌ಶೈರ್‌ನ ನಾರ್ಟನ್ ಶಿಬಿರದಲ್ಲಿ ದೇವಶಾಸ್ತ್ರ ಓದಿದರು. ತನ್ನನ್ನು ಕೈಬಿಟ್ಟದ್ದೇಕೆ ಎಂದು ಶಿಲುಬೆಯಿಂದ ಕೂಗಿದ ಯೇಸುವಿನಲ್ಲಿ ಅವರಿಗೆ ಜೊತೆಗಾರ ಸಿಕ್ಕ. ನೋವಿನ ಹೊರಗೆ ಕೂತು ನೋಡುವ ದೇವರಲ್ಲ, ನೋವನ್ನು ತಾನೇ ಉಣ್ಣುವ ದೇವರು ಎಂಬ ಆ ಅರಿವು 1972ರ ಅವರ ‘ಶಿಲುಬೆಗೇರಿದ ದೇವರು’ ಕೃತಿಯಾಯಿತು.

ಮತ್ತೆ ಬ್ರೂಮ್‌ಹಿಲ್‌ಗೆ ಬಂದರೆ, ಸೇಂಟ್ ಮಾರ್ಕ್ಸ್ ಉದಾರ ವಿಚಾರದ ಸಭೆ ಎಂದು ಹೆಸರಾದದ್ದು. ಮನುಷ್ಯರ ಪಾಪಕ್ಕೆ ಯೇಸು ತೆತ್ತ ದಂಡವೇ ಶಿಲುಬೆ ಎಂಬ ವಿವರಣೆಯನ್ನು ಉದಾರವಾದಿ ಕ್ರೈಸ್ತರು ಹಾಗೇ ಒಪ್ಪುವುದಿಲ್ಲ. ಅಧಿಕಾರಕ್ಕೆ ಮಣಿಯದೆ ದೀನರ ಪರ ನಿಂತದ್ದಕ್ಕೆ ಬಂದ ಸಾವು ಅದು ಎನ್ನುತ್ತಾರೆ. ದಂಡದ ಮಾತು ಬಿಟ್ಟರೆ ರಕ್ಷಣೆಗೆ ಏನುಳಿಯಿತು ಎಂದು ಸುವಾರ್ತಾವಾದಿಗಳು ಕೇಳುತ್ತಾರೆ. ಮಾಂಟ್ಗೊಮರಿಯ ಗೀತೆಯನ್ನು ಮಾತ್ರ ಎರಡೂ ಕಡೆಯವರು ಹಾಡಬಹುದು.