ಹಳೆಯ ಕಾರುಗಳ ಇಂಧನವ್ಯಯವೂ ಸಂವೇದಕಗಳ ದೋಷನಿರ್ಣಯವೂ

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ ಸುಮಾರು 16 ಕಿಲೋಮೀಟರು ದೂರದ ಬೇಲೂರಿಗೂ ಹೋಗುವ ದಾರಿ ಹೊಯ್ಸಳಶಿಲ್ಪದ ಅಭ್ಯಾಸಿಗಳಿಗೆ ಚಿರಪರಿಚಿತವಾದುದು. ಈ ಸೀಮೆಯು ಸಮುದ್ರಮಟ್ಟಕ್ಕೆ ಸುಮಾರು 800ರಿಂದ 975 ಮೀಟರು ಮೇಲಿದೆಯೆಂಬುದು ಶಿಲ್ಪವಿಚಾರಕ್ಕೆ ಅಪ್ರಕೃತ. ಪೆಟ್ರೋಲು ಖರ್ಚಿನ ವಿಚಾರಕ್ಕೆ ಮಾತ್ರ ಪ್ರಕೃತವೇ ಸರಿ.

ಕಾರ್ಬ್ಯುರೇಟರು ಹೋಗಿ ವಿದ್ಯುನ್ಮಾನ ಇಂಜೆಕ್ಷನ್ ಬಂದ ಮೇಲೆ, ಎಂಜಿನಿಗೆ ಸಲ್ಲತಕ್ಕ ಪೆಟ್ರೋಲನ್ನು ನಿರ್ಣಯಿಸುವುದು ಒಂದು ಸಣ್ಣ ಗಣಕ. ತೂಕದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲು ಎಂಬುದು ಸಾಮಾನ್ಯವಾಗಿ ಅದರ ಗುರಿ. ಗಣಕಕ್ಕೆ ಸ್ವತಃ ಕಣ್ಣಿಲ್ಲ. ಸೆನ್ಸರುಗಳು, ಎಂದರೆ ಸಂವೇದಕಗಳು, ಹೇಳಿದುದೇ ಅದಕ್ಕೆ ಪ್ರಮಾಣ. ಆದಕಾರಣ ಮೈಲೇಜು ಇಳಿದೊಡನೆ ಸೆನ್ಸರನ್ನು ಬದಲಿಸುವುದು ರೂಢಿಯಾಗಿದೆ. ಈ ಆತುರವು ಯುಕ್ತವಲ್ಲ. ಹಸ್ತಪ್ರತಿಯಲ್ಲಿ ಅಪಪಾಠ ಕಂಡಾಗ ದೋಷವು ಲಿಪಿಕಾರನದೋ ಅವನ ಮುಂದಿದ್ದ ಮಾತೃಕೆಯದೋ ಎಂದು ವಿಚಾರಿಸುವಂತೆ ಇಲ್ಲಿಯೂ ವಿಚಾರಿಸಬೇಕು.

ನೀರಿನ ಉಷ್ಣತೆಯ ಸೆನ್ಸರನ್ನು ನೋಡಬಹುದು. ಇದರ ರೋಧವು 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2000ದಿಂದ 3000 ಓಮ್, 80 ಡಿಗ್ರಿಯಲ್ಲಿ 300ರ ಆಸುಪಾಸು. ಎಂಜಿನು ಕಾದ ಮೇಲೂ ರೋಧ ಇಳಿಯದಿದ್ದರೆ ಗಣಕವು ಎಂಜಿನು ಇನ್ನೂ ತಣ್ಣಗಿದೆಯೆಂದೇ ಬಗೆದು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತದೆ. ಆದರೆ ಥರ್ಮೋಸ್ಟ್ಯಾಟು ತೆರೆದೇ ನಿಂತಿದ್ದರೆ ನೀರು ನಿಜವಾಗಿಯೂ ಕಾಯುವುದಿಲ್ಲ. ಆಗ ಸೆನ್ಸರು ಸತ್ಯವನ್ನೇ ನುಡಿಯುತ್ತಿರುತ್ತದೆ. ಹೊಗೆಕೊಳವೆಯ ಆಮ್ಲಜನಕದ ಸೆನ್ಸರಿನದೂ ಇದೇ ಕಥೆ. ಸುಸ್ಥಿತಿಯಲ್ಲಿ ಅದರ ವೋಲ್ಟೇಜು 0.1ಕ್ಕೂ 0.9ಕ್ಕೂ ನಡುವೆ ತೂಗಾಡುತ್ತದೆ. ಕೆಳಗೇ ನಿಂತರೆ ಪೆಟ್ರೋಲು ಸಾಲದೆಂದು ಅರ್ಥ. ಕೊಳವೆಯು ಮೊದಲೇ ಬಿರಿದು ಹೊರಗಣ ಗಾಳಿ ನುಸುಳಿದರೂ ಅದೇ ಸಂಕೇತ ಬರುವುದುಂಟು.

ಈ ಪ್ರಾಂತಕ್ಕೆ ವಿಶೇಷವಾದುದು ಗಾಳಿಯ ಒತ್ತಡದ ಸೆನ್ಸರು. ಕೀಲಿ ತಿರುಗಿಸಿ ಎಂಜಿನು ಚಾಲು ಮಾಡದೆ ನೋಡಿದರೆ ಅದು ಹೊರಗಿನ ವಾಯುಭಾರವನ್ನೇ ತೋರಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಅರಸೀಕೆರೆಯಲ್ಲಿ 92, ಹಳೇಬೀಡಿನಲ್ಲಿ 91, ಬೇಲೂರಿನಲ್ಲಿ 90. ಕೈಪಿಡಿಯ 101ನ್ನು ನಂಬಿ ಬೇಲೂರಿನಲ್ಲಿ 90 ಎಂದ ಸೆನ್ಸರನ್ನು ಕಿತ್ತೆಸೆಯುವುದು ನಿರಪರಾಧಿಗೆ ವಿಧಿಸಿದ ದಂಡ. ಅಲ್ಲಿ ನಿಂತು 101 ಎನ್ನುವ ಸೆನ್ಸರೇ ಸುಳ್ಳುಗಾರ. ಇಲ್ಲದ ಗಾಳಿಯನ್ನು ಲೆಕ್ಕಕ್ಕೆ ತಂದು ಪೆಟ್ರೋಲು ಕಳೆಯುವುದು ಅದೇ.

ದೋಷಸಂಕೇತಗಳನ್ನು ಓದುವ ಸಾಮಾನ್ಯ ಯಂತ್ರಗಳು 2010ಕ್ಕೆ ಹಿಂದಿನ ಅನೇಕ ಕಾರುಗಳಿಗೆ ಹೊಂದುವುದಿಲ್ಲ. ಮಲ್ಟಿಮೀಟರೊಂದಿದ್ದರೆ ಮೇಲಣ ಪರೀಕ್ಷೆಗಳಲ್ಲಿ ಬಹುಪಾಲು ಸಾಧ್ಯ. ಅದಕ್ಕೂ ಮುನ್ನ ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಮೈಲೇಜನ್ನು ಅಳೆಯತಕ್ಕದ್ದು. ಟಯರಿನ ಗಾಳಿಯನ್ನೂ, ಬ್ರೇಕು ಚಕ್ರವನ್ನು ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡತಕ್ಕದ್ದು.